ಮೈಕಮ್ಮನ ಮಾತ್ರೆ

ಆ ಮನೆಯಲ್ಲಿ ಅತ್ತೆಗೂ ಸೊಸೆಗೂ ಜಗಳವಾಗದ ದಿನವೇ ಇರಲಿಲ್ಲ. ಅತ್ತೆ ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸಿ ನಿವೃತ್ತಳಾದವಳು. ಮಗ್ಗಗಳ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳಿದರೂ ಪಕ್ಕದ ಮನೆಯವರು ತಮ್ಮ ಡಬ್ಬಿ ಹುಡುಕುವಂಥ ಗಂಟಲು ಅವಳದು. ಸೊಸೆ ಬಸ್ ನಿಲ್ದಾಣದಲ್ಲಿ ಮೈಕಿನ ಕೆಲಸದವಳು. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ಹೊರಡುತ್ತದೆ, ಯಾರ ಮಗು ಕಳೆದುಹೋಗಿದೆ, ಎಲ್ಲವನ್ನೂ ಊರಿಗೆ ಸಾರುವವಳು. ಡ್ರೈವರು, ಕಂಡಕ್ಟರುಗಳ ಬಾಯಲ್ಲಿ ಅವಳು ಮೈಕಮ್ಮ.

ಇಂಥ ಎರಡು ಗಂಟಲು ಒಂದೇ ಅಡುಗೆಮನೆಯಲ್ಲಿ ಸೇರಿದರೆ ಕಾರಣ ಹುಡುಕಬೇಕಾಗಿಲ್ಲ. ಕಿಟಕಿ ತೆಗೆದಿರಬೇಕೋ ಮುಚ್ಚಿರಬೇಕೋ, ಮೊಟ್ಟೆ ಎಷ್ಟು ಬೇಯಬೇಕು, ಒದ್ದೆ ಟವೆಲನ್ನು ಬಾಗಿಲ ಮೇಲೆ ಹಾಕಿದ್ದು ಯಾರು. ಮಗ ಬಸ್ ಡಿಪೋದಲ್ಲಿ ಟೈರು ಬದಲಿಸುವವನು. ಮನೆಗೆ ಬಂದರೆ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮೊಮ್ಮಗಳು ಮಾತ್ರ, "ನೀವಿಬ್ರೂ ಹೊರಗೆ ಕುರ್ಚಿ ಹಾಕಿ ಜಗಳ ಆಡಿ. ಜನ ಟಿಕೆಟ್ ತಗೊಂಡು ಬರ್ತಾರೆ" ಎನ್ನುತ್ತಿದ್ದಳು.

ಒಂದು ಸಂಜೆ ಸೊಸೆ ಔಷಧಿ ಅಂಗಡಿಯಿಂದ ಬರಿಗೈಯಲ್ಲಿ ಬಂದಳು.

"ನನ್ನ ಮಾತ್ರೆ ಇಲ್ವಂತೆ," ಎಂದು ಚಪ್ಪಲಿ ಬಿಡುತ್ತಲೇ ಹೇಳಿದಳು. "ಕಂಪನಿಯಿಂದಲೇ ಬಂದಿಲ್ಲ, ಯಾವಾಗ ಬರುತ್ತೋ ಗೊತ್ತಿಲ್ಲ ಅಂತಾನೆ."

ಬಹಳ ವರ್ಷಗಳ ಹಿಂದೆ ಅವಳ ಕತ್ತಿನಲ್ಲಿ ಗಡ್ಡೆ ಕಾಣಿಸಿಕೊಂಡು, ಥೈರಾಯ್ಡ್ ಗ್ರಂಥಿಯನ್ನೇ ತೆಗೆದುಹಾಕಿದ್ದರು. ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೇ ಒಂದು ಮಾತ್ರೆ. ಆ ಗ್ರಂಥಿ ಮಾಡುತ್ತಿದ್ದ ಕೆಲಸವನ್ನು ಈಗ ಆ ಮಾತ್ರೆ ಮಾಡಬೇಕು.

"ಅದೇ ಔಷಧಿ ಬೇರೆ ಕಂಪನಿದು ಇರುತ್ತಲ್ಲ?" ಎಂದ ಮಗ.

"ಇದೆ, ಕೊಡ್ತೀನಿ ಅಂದ. ಬೇಡ ಅಂದೆ. ಆವತ್ತು ಆಗಿದ್ದು ಸಾಕು."

ಆವತ್ತು ಎಂದರೆ ಮೊಮ್ಮಗಳು ಶಾಲೆಗೆ ಹೋಗುತ್ತಿದ್ದ ಕಾಲ. ಆಗಲೂ ಒಮ್ಮೆ ಮಾತ್ರೆ ಸಿಗದೆ ಬೇರೆ ಕಂಪನಿಯದನ್ನು ತೆಗೆದುಕೊಂಡಿದ್ದಳು. ಮೂರೇ ದಿನಕ್ಕೆ ಎದೆ ಡವಗುಟ್ಟಿ, ಕೈ ನಡುಗಿ, ಮೈಕಿನ ಮುಂದೆಯೇ ಉಸಿರು ಸಿಕ್ಕಿಕೊಂಡು, ಸಾಯುತ್ತೇನೆಂದೇ ಅಂದುಕೊಂಡಿದ್ದಳು. ಡಬ್ಬಿಯನ್ನು ಚರಂಡಿಗೆ ಸುರಿದು ಬಂದವಳು ಮತ್ತೆ ಬೇರೆ ಹೆಸರು ಎತ್ತಿರಲಿಲ್ಲ.

"ಇನ್ನೂ ಸ್ವಲ್ಪ ಮಾತ್ರೆ ಮಿಕ್ಕಿವೆ. ಅಷ್ಟರಲ್ಲಿ ಬರುತ್ತೆ ಬಿಡಿ," ಎಂದು ಸೊಸೆ ಒಲೆ ಹಚ್ಚಿದಳು.

"ನೀನು ಬೇಡ ಅಂದ್ರೆ ಅಂಗಡಿಯವನಿಗೇನು? ಅವನ ಕತ್ತು ಅವನ ಹತ್ರ ಭದ್ರವಾಗಿದೆ," ಎಂದಳು ಅತ್ತೆ.

"ನನ್ನ ಕತ್ತಿನ ವಿಚಾರ ನನಗೆ ಬಿಡಿ. ನೀವು ಆ ಕಿಟಕಿ ಮುಚ್ಚಿ, ಒಲೆ ಆರ್ತಿದೆ."

ಕಿಟಕಿಯ ಮೇಲೆ ಮಾತು ಬೆಳೆಯಿತು. ಮಾತ್ರೆಯ ಸುದ್ದಿ ಅಲ್ಲಿಗೇ ನಿಂತಿತು.

ಮಗ ಡಿಪೋದ ಸುತ್ತಲಿನ ಅಂಗಡಿಗಳಲ್ಲಿ ಕೇಳಿದ. ದೂರದ ಊರುಗಳಿಗೆ ಹೋಗುವ ಡ್ರೈವರುಗಳಿಗೆ ಹೆಸರು ಬರೆದುಕೊಟ್ಟ. ಅದರಲ್ಲೊಬ್ಬ ಹೆಸರು ಸರಿಯಾಗಿ ಓದದೆ ಕೆಮ್ಮಿನ ಔಷಧಿ ತಂದುಕೊಟ್ಟ. ಮೊಮ್ಮಗಳು ಊಟದ ಬಿಡುವಿನಲ್ಲಿ ಫೋನ್ ಮಾಡಿ ಮಾಡಿ ಸೋತಳು. ಎಲ್ಲ ಕಡೆಯೂ ಒಂದೇ ಉತ್ತರ: ಅದೊಂದು ಬಿಟ್ಟು ಬೇರೆ ಎಲ್ಲ ಕಂಪನಿಯದೂ ಇದೆ.

ವಾರಗಳು ಕಳೆದವು. ಮಿಕ್ಕಿದ್ದ ಮಾತ್ರೆ ಇಷ್ಟು ದಿನ ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಮನೆ ಮಾತ್ರ ಬದಲಾಗತೊಡಗಿತು. ಮೊದಲು ಹಾಲು ಉಕ್ಕಿತು. ಸೊಸೆ ಒಲೆಯ ಮುಂದೆಯೇ ನಿಂತಿದ್ದಳು, ಕಣ್ಣು ತೆರೆದೇ ಇತ್ತು, ಆದರೂ ಹಾಲು ಉಕ್ಕಿ ಒಲೆ ಆರಿತು. ಇನ್ನೊಂದು ದಿನ ಆಲೂಗೆಡ್ಡೆಗೆ ಎರಡು ಸಲ ಉಪ್ಪು ಬಿತ್ತು. ಎಲ್ಲರೂ ಬೆವರುತ್ತ ಫ್ಯಾನಿನಡಿ ಕೂತಿದ್ದರೆ ಅವಳು ಸ್ವೆಟರು ಹಾಕಿಕೊಂಡಿದ್ದಳು. ಕೆಲಸದಿಂದ ಬಂದವಳು ಕುರ್ಚಿಯಲ್ಲಿ ಕೂತರೆ ಅಲ್ಲೇ ನಿದ್ದೆ. ಮುಖ ಊದಿದಂತಿತ್ತು. ಒಗೆಯಬೇಕಾದ ಬಟ್ಟೆ ಬುಟ್ಟಿ ತುಂಬಿ ಹೊರಗೆ ಚೆಲ್ಲಿತ್ತು.

ಅತ್ತೆ ರೂಢಿಯಂತೆ ಬಾಯಿ ತೆರೆದಳು. "ಬಟ್ಟೆ ತಾವಾಗೇ ನಡ್ಕೊಂಡು ಹೋಗಿ ನಲ್ಲಿ ಕೆಳಗೆ ಕೂರುತ್ವಾ?"

"ಹೂಂ," ಎಂದಳು ಸೊಸೆ.

"ಏನು ಹೂಂ?"

"ಒಗೀತೀನಿ."

ಅಷ್ಟೇ. ಅತ್ತೆ ಮುಂದಿನ ಮಾತಿಗೆ ಸಿದ್ಧವಾಗಿ ನಿಂತಿದ್ದಳು. ಆ ಕಡೆಯಿಂದ ಏನೂ ಬರಲಿಲ್ಲ. ಮಾರನೆಯ ದಿನ ಬೇಕೆಂದೇ ಕಿಟಕಿಯ ಎರಡೂ ಬಾಗಿಲು ತೆಗೆದಿಟ್ಟಳು. ಸೊಸೆ ಸ್ವೆಟರಿನ ಗುಂಡಿ ಹಾಕಿಕೊಂಡು ಬೇರೆ ಕಡೆ ಹೋಗಿ ಕೂತಳು. ಒದ್ದೆ ಟವೆಲನ್ನು ಅತ್ತೆ ತಾನೇ ಬಾಗಿಲ ಮೇಲೆ ಎಸೆದಳು. ಸೊಸೆ ಅದರ ಕೆಳಗೇ ಬಗ್ಗಿ ನಡೆದುಹೋದಳು.

ಮಗನಿಗೆ ಪರಮಾನಂದ. "ಅಂತೂ ಇಬ್ರಿಗೂ ಬುದ್ಧಿ ಬಂತು. ಮನೆ ಎಷ್ಟು ತಣ್ಣಗಿದೆ ನೋಡು," ಎಂದು ಇನ್ನೊಂದು ತುಂಡು ಬ್ರೆಡ್ಡು ತೆಗೆದುಕೊಂಡ.

"ತಣ್ಣಗಿರೋದಲ್ಲ ಕಣೋ ಇದು," ಎಂದಳು ಅತ್ತೆ. "ನಿನ್ನ ಹೆಂಡತಿ ಬೈದ್ರೂ ತಿರುಗಿ ಬೈತಿಲ್ಲ. ನನಗೆ ಭಯ ಆಗ್ತಿದೆ."

"ನಿನಗೆ ಬೈದ್ರೂ ಕಷ್ಟ, ಬೈಯದಿದ್ರೂ ಕಷ್ಟ ಅಮ್ಮ."

ಅದಾಗಿ ಸ್ವಲ್ಪ ದಿನಕ್ಕೆ ಅತ್ತೆ ತನ್ನ ತಂಗಿಯನ್ನು ನೋಡಿ ಬರಲು ಹೊರಟಳು. ತಂಗಿಯ ಮನೆ ಊರಾಚೆಯ ದೊಡ್ಡ ಆಸ್ಪತ್ರೆಯ ಹತ್ತಿರ. ನಿಲ್ದಾಣದಲ್ಲಿ ಆಸ್ಪತ್ರೆಯ ಬಸ್ಸಿಗೆ ಜನ ಕಾಯುತ್ತಿದ್ದರು: ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಊರುಗೋಲು ಹಿಡಿದಿದ್ದ ಗಂಡಸು, ಹಸುಗೂಸನ್ನು ಎದೆಗೆ ಕಟ್ಟಿಕೊಂಡ ತಾಯಿ, ಎಕ್ಸ್‌ರೇ ಲಕೋಟೆಯನ್ನು ಬೀಸಣಿಗೆ ಮಾಡಿಕೊಂಡಿದ್ದ ಮುದುಕ. ಅತ್ತೆ ಮುದುಕನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತಳು. ಮೈಕು ಕರಕರ ಎಂದಿತು.

ಯಾರ ದನಿ ಇದು ಎಂದುಕೊಂಡಳು ಅತ್ತೆ. ದಪ್ಪಗೆ, ಒಡೆದು, ಒಂದೊಂದು ಮಾತನ್ನೂ ಕೆಸರಿನಿಂದ ಕಿತ್ತು ಹೊರಗಿಟ್ಟಂತೆ ಬರುತ್ತಿತ್ತು. ಆಮೇಲೆ ಗೊತ್ತಾಯಿತು. ಇದು ತನ್ನ ಸೊಸೆಯೇ.

"ಆಸ್ಪತ್ರೆ ಮಾರ್ಗದ ಬಸ್ಸು... ಪ್ಲಾಟ್‌ಫಾರ್ಮ್... ಏಳರಿಂದ ಹೊರಡಲಿದೆ."

ಎಲ್ಲರೂ ಎದ್ದರು. ಏಳನೆಯದು ನಿಲ್ದಾಣದ ಆ ತುದಿ. ತಾಯಿ ಮಗುವಿನ ತಲೆ ಹಿಡಿದು ಓಡಿದಳು, ಊರುಗೋಲಿನವನು ಕುಪ್ಪಳಿಸಿದ, ಅತ್ತೆಯೂ ಚೀಲ ಕಂಕುಳಲ್ಲಿಟ್ಟು ದಾಪುಗಾಲು ಹಾಕಿದಳು. ಅಲ್ಲಿ ಹೋಗಿ ನೋಡಿದರೆ ಏಳು ಖಾಲಿ. ಹಿಂತಿರುಗಿ ನೋಡುವಷ್ಟರಲ್ಲಿ ಆಸ್ಪತ್ರೆಯ ಬಸ್ಸು ಎರಡನೆಯದರಿಂದ, ಅರ್ಧ ಸೀಟು ಖಾಲಿ ಇಟ್ಟುಕೊಂಡು, ಗೇಟು ದಾಟುತ್ತಿತ್ತು.

"ನನ್ನ ಪ್ಲಾಸ್ಟರ್ ಬಿಚ್ಚೋಕೆ ಕರೆದಿದ್ರು, ಇನ್ನು ಯಾವಾಗ ಹೋಗಲಿ?" ಎಂದು ಊರುಗೋಲಿನವನು ಕೂಗಾಡಿದ. "ಯಾರು ಆ ಹೆಂಗಸು? ಕುಡಿದು ಕೂತಿದ್ದಾಳಾ?"

"ಬಾಯಿ ಮುಚ್ಚೋ!" ಎಂದಳು ಅತ್ತೆ. ಆ ದನಿಗೆ ಪಾರಿವಾಳಗಳು ಹಾರಿದವು. ಅವನು ಯಾಕೆಂದು ಕೇಳುವುದರೊಳಗೆ ಅವಳು ಮೈಕಿನ ಕೋಣೆಯ ಮೆಟ್ಟಿಲು ಹತ್ತುತ್ತಿದ್ದಳು.

ಒಳಗೆ ನಿಲ್ದಾಣದ ಅಧಿಕಾರಿ ನಿಂತಿದ್ದ. ಕೆಟ್ಟವನಲ್ಲ, ಆದರೆ ಅವನ ಮುಖ ಬಿಗಿದಿತ್ತು. "ಈ ವಾರದಲ್ಲಿ ಇದು ಎರಡನೇ ಸಲ ಮೈಕಮ್ಮ. ಇವತ್ತಿಂದ ನೀವು ಪಾಸ್ ಕೊಡೋ ಕೌಂಟರಲ್ಲಿ ಕೂತಿರಿ. ಮೊದಲು ಆರೋಗ್ಯ ನೋಡ್ಕೊಳ್ಳಿ. ಸರಿಹೋಗದಿದ್ರೆ ಮೈಕಿಗೆ ಬೇರೆಯವರನ್ನ ನೋಡಬೇಕಾಗುತ್ತೆ."

ಸೊಸೆ ಎದುರಾಡಲಿಲ್ಲ. ಮೈಕಿನ ಗುಂಡಿ ಒತ್ತಿ ಆರಿಸಿದಳು. ಬಾಗಿಲಲ್ಲಿ ನಿಂತ ಅತ್ತೆಯನ್ನು ಕಂಡು, "ನಿಮ್ಮ ಬಸ್ಸೂ ತಪ್ಪೋಯ್ತಾ?" ಎಂದಳು. ಅಳುತ್ತಿರಲಿಲ್ಲ. ಅಳುವುದಕ್ಕೂ ಶಕ್ತಿ ಬೇಕಲ್ಲ.

ಆ ದಿನ ಊಟಕ್ಕೆ ಕೂತಾಗ ಅತ್ತೆ ನೇರವಾಗಿ ಕೇಳಿದಳು. "ದಿನಕ್ಕೆ ಎಷ್ಟು ಮಾತ್ರೆ ತಗೋತಿದ್ದೀಯ?"

ಸೊಸೆ ಬ್ರೆಡ್ಡಿನ ಅಂಚು ಮುರಿಯುತ್ತ ಕೂತಿದ್ದಳು. "ದಿನಾ ಇಲ್ಲ. ದಿನ ಬಿಟ್ಟು ದಿನ ಅರ್ಧ," ಎಂದಳು. "ಉಳಿಸ್ಕೋಬೇಕಲ್ಲ."

ತಟ್ಟೆಯಿಂದ ತಲೆ ಎತ್ತದ ಮಗ ಆವತ್ತು ತಟ್ಟೆಯನ್ನೇ ತಳ್ಳಿದ. "ಉಳಿಸೋಕೆ ಅದೇನು ಸೀಮೆಎಣ್ಣೆನಾ? ನಾಲ್ಕು ಚಕ್ರದ ಬಸ್ಸನ್ನ ಒಂದು ಚಕ್ರದ ಮೇಲೆ ಓಡಿಸ್ತೀಯಾ? ಅದೂ ನನಗೆ ಹೇಳದೆ!"

"ಹೇಳಿದ್ರೆ ಬೇರೆದು ತಗೋ ಅಂತೀರಿ."

"ಹೌದು, ಅಂತೀನಿ!"

"ಆವತ್ತು ಎದೆ ಹೊಡ್ಕೊಂಡಿದ್ದು ನಿಮ್ಮದಲ್ಲ ರೀ."

"ಹಾಗಾದ್ರೆ ಡಾಕ್ಟರ ಹತ್ರ ಹೋಗೋಣ ನಡಿ ಅಮ್ಮ," ಎಂದಳು ಮೊಮ್ಮಗಳು.

"ಅವರೂ ಅದನ್ನೇ ಹೇಳ್ತಾರೆ." ಸೊಸೆ ಎದ್ದು ಹೋಗಿ ಮಲಗಿಬಿಟ್ಟಳು. ತಟ್ಟೆಗಳೆಲ್ಲ ಹಾಗೇ ಉಳಿದವು.

ಪಾತ್ರೆ ತೊಳೆಯುತ್ತ ಅತ್ತೆಯ ತಲೆಗೆ ಒಂದು ಉಪಾಯ ಹೊಳೆಯಿತು. ಮಾರನೆಯ ದಿನ ಮೊಮ್ಮಗಳಿಗೆ ಗುಟ್ಟಾಗಿ ಹೇಳಿ, ಹಳೆಯ ಚೀಟಿ ತೋರಿಸಿ, ಅಷ್ಟೇ ಪ್ರಮಾಣದ ಬೇರೆ ಕಂಪನಿಯ ಮಾತ್ರೆ ತರಿಸಿದಳು. ಹೊಸದನ್ನೂ ಸೊಸೆಯ ಹಳೆಯದರ ಚೂರನ್ನೂ ಅಂಗೈಯಲ್ಲಿಟ್ಟು ನೋಡಿದಳು. ಇದೂ ಬಿಳಿ, ಅದೂ ಬಿಳಿ. ಇದು ಒಂದಿಷ್ಟು ತೆಳು, ಅಷ್ಟೇ.

"ಅಜ್ಜಿ, ಇದು ಸರಿನಾ?" ಎಂದಳು ಮೊಮ್ಮಗಳು.

"ನಿನ್ನಮ್ಮ ಎದ್ದು ಓಡಾಡೋದು ಬೇಕಾ ಬೇಡ್ವಾ?"

"ಬೇಕು. ಆದ್ರೂ..."

"ನಿನಗೇನೂ ಗೊತ್ತಿಲ್ಲ. ಹೋಗು, ಕನ್ನಡಕ ಮಾರು."

ಸೊಸೆಯ ಡಬ್ಬಿಯ ತಳದಲ್ಲಿ ನಾಲ್ಕೈದು ಅರ್ಧ ಚೂರುಗಳಿದ್ದವು. ಅವುಗಳನ್ನು ತೆಗೆದು ಕಾಗದದಲ್ಲಿ ಸುತ್ತಿಟ್ಟು, ಹೊಸ ಮಾತ್ರೆಗಳನ್ನು ಸುರಿದು, ಡಬ್ಬಿಯನ್ನು ಇದ್ದಲ್ಲೇ ಇಟ್ಟಳು. ಸೊಸೆ ಕೇಳಿದರೆ, ಮಗನ ಡ್ರೈವರು ಸ್ನೇಹಿತರು ಎಲ್ಲಿಂದಲೋ ತಂದುಕೊಟ್ಟರು ಎಂದು ಹೇಳುವುದು. ಮಾತು ಕೂಡ ಸಿದ್ಧವಿತ್ತು.

ಬೆಳಿಗ್ಗೆ ಸೊಸೆ ಗೋಡೆ ಹಿಡಿದುಕೊಂಡೇ ಅಡುಗೆಮನೆಗೆ ಬಂದಳು. ಲೋಟಕ್ಕೆ ನೀರು ಬಗ್ಗಿಸಿಕೊಂಡಳು. ಡಬ್ಬಿ ತೆರೆದು, ತುಂಬಿದ್ದನ್ನು ಕಂಡು ನಿಂತಳು. "ಬಂತಾ?" ಎಂದಳು. ಊದಿದ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ನಗು. "ಎಲ್ಲಿ ಸಿಕ್ತು ಅತ್ತೆ?"

ಅತ್ತೆ ಬಾಯಿ ತೆರೆದಳು. ಸಿದ್ಧವಿದ್ದ ಮಾತು ಬರಲಿಲ್ಲ. ಸೊಸೆ ಮಾತ್ರೆಯನ್ನು ನಾಲಿಗೆಯ ಹತ್ತಿರ ಒಯ್ದಳು.

"ನಿಲ್ಲು!" ಎಂದಳು ಅತ್ತೆ. ಮಲಗಿದ್ದ ಮಗ ಬೆಚ್ಚಿ ಎದ್ದು ಕೂತ. "ಅದು ನಿನ್ನದಲ್ಲ. ಬೇರೆ ಕಂಪನಿದು. ನಾನೇ ತರಿಸಿ ತುಂಬಿದೆ."

ಸೊಸೆಯ ಕೈ ಅಲ್ಲೇ ನಿಂತಿತು. ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, ಎಷ್ಟೋ ವಾರಗಳಿಂದ ಎಲ್ಲಿ ಹೋಗಿತ್ತೋ ಆ ಕೋಪ, ತೂಕಡಿಸುತ್ತ ತೂಕಡಿಸುತ್ತ ಎದ್ದು ಬಂತು.

"ನನ್ನ ಬಾಯಿಗೆ... ಏನು ಹೋಗ್ತಿದೆ ಅಂತ... ನನಗೆ ಗೊತ್ತಿರಬೇಡ್ವಾ?"

"ಬೇಕು."

"ನಾನೇನು ಮಗುನಾ? ಬೆಲ್ಲದಲ್ಲಿಟ್ಟು ನುಂಗಿಸೋಕೆ?"

"ಅಲ್ಲ."

"ಏನಾದ್ರೂ ಆಗಿದ್ರೆ? ನನಗೆ ಏನು ತಗೊಂಡೆ ಅಂತಾನೇ ಗೊತ್ತಿರ್ತಿರಲಿಲ್ಲ!" ದನಿ ಒಡೆದಿತ್ತು, ಆದರೂ ಏರಿತು. ಕೈಯಲ್ಲಿದ್ದ ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿದಳು. ನೀರು ಇಬ್ಬರ ಮೇಲೂ ಹಾರಿತು.

"ತಪ್ಪಾಯ್ತು," ಎಂದಳು ಅತ್ತೆ. ಆ ಮನೆಯಲ್ಲಿ ಆ ಮಾತು ಅಷ್ಟು ಚಿಕ್ಕ ದನಿಯಲ್ಲಿ ಕೇಳಿದ್ದು ಅದೇ ಮೊದಲು. "ತಪ್ಪಾಯ್ತು ಕಣೇ. ಆದ್ರೆ ನೀನು ಹೀಗೆ ಗೋಡೆ ಹಿಡ್ಕೊಂಡು ಓಡಾಡೋದನ್ನ ನಾನು ನೋಡಲಾರೆ. ಬೈ. ಎಷ್ಟು ಬೇಕಾದ್ರೂ ಬೈ. ಆದ್ರೆ ಇವತ್ತು ನನ್ನ ಜೊತೆ ಡಾಕ್ಟರ ಹತ್ರ ಬಾ. ಅವರು ಹೇಳಿದ್ದನ್ನ ನೀನೇ ಕೇಳು, ನೀನೇ ತೀರ್ಮಾನ ಮಾಡು. ಆಮೇಲೆ ನಾನು ಆ ಡಬ್ಬಿ ಮುಟ್ಟಲ್ಲ."

ಸೊಸೆ ಸೀರೆಯ ಮೇಲಿನ ನೀರನ್ನು ಒರೆಸಿಕೊಂಡಳು. ಮಾತ್ರೆಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು. "ನೀವು ಒಳಗೆ ಬಂದು ಮಾತಾಡಬಾರದು. ಮಾತಾಡೋದು ನಾನು," ಎಂದಳು.

"ಆಯ್ತು."

ಕೊಟ್ಟ ಮಾತನ್ನು ಅತ್ತೆ ಅರ್ಧ ಮಾತ್ರ ಉಳಿಸಿಕೊಂಡಳು. ಡಾಕ್ಟರು ಸೊಸೆಯದೇ ವಯಸ್ಸಿನ ಹೆಂಗಸು. ಕತ್ತು ಮುಟ್ಟಿ, ನಾಡಿ ಹಿಡಿದು, ಮೊಣಕಾಲು ತಟ್ಟಿ ನೋಡಿದರು.

"ಬೇರೆ ಕಂಪನಿದು ತಗೊಂಡಾಗ ಎದೆ ಹೊಡ್ಕೊಂಡಿತ್ತು ಅಂದ್ರಲ್ಲ, ಆಗ ರಕ್ತ ಪರೀಕ್ಷೆ ಮಾಡಿಸಿದ್ರಾ?"

"ಇಲ್ಲ. ಮೂರು ದಿನಕ್ಕೇ ಬಿಸಾಕಿದೆ."

"ಮಾತ್ರೆಯ ಪ್ರಮಾಣ ಅಷ್ಟೇ ಇತ್ತಾ?"

ಸೊಸೆ ಯೋಚಿಸಿದಳು. "ನೋಡಲಿಲ್ಲ. ಅಂಗಡಿಯವರು ಕೊಟ್ರು, ತಗೊಂಡೆ."

"ಹಾಗಿದ್ರೆ ಆಗ ಏನಾಯ್ತು ಅಂತ ಈಗ ಹೇಳೋಕಾಗಲ್ಲ," ಎಂದರು ಡಾಕ್ಟರು. "ಪ್ರಮಾಣ ಹೆಚ್ಚಾಗಿರಬಹುದು, ಬೇರೆ ಏನಾದ್ರೂ ಇರಬಹುದು. ಕಂಪನಿ ಬದಲಾದ್ರೆ ಕೆಲವರಿಗೆ ಸ್ವಲ್ಪ ಏರುಪೇರಾಗೋದು ಸುಳ್ಳಲ್ಲ. ನೀವು ಹೆದರಿದ್ದು ತಪ್ಪೂ ಅಲ್ಲ. ಅದಕ್ಕೇ ನಾವು ಬದಲಾಯಿಸಿದ್ರೆ ಆರು ವಾರಕ್ಕೆ ರಕ್ತ ನೋಡ್ತೀವಿ, ಬೇಕಾದ್ರೆ ಸರಿಪಡಿಸ್ತೀವಿ. ಆದ್ರೆ ಗ್ರಂಥಿನೇ ಇಲ್ಲದವರು ಮಾತ್ರೆ ಬಿಟ್ರೆ ಏನಾಗುತ್ತೆ ಅನ್ನೋದರಲ್ಲಿ ಯಾವ ಅನುಮಾನವೂ ಇಲ್ಲ. ಇನ್ನೂ ಕೆಲವು ವಾರ ಹೀಗೇ ಬಿಟ್ಟಿದ್ರೆ ನಿಮ್ಮನ್ನ ಎತ್ಕೊಂಡು ಬರಬೇಕಾಗ್ತಿತ್ತು."

ಅತ್ತೆ ತಡೆಯಲಾರದೆ ಕೇಳಿದಳು: "ದನಿ? ದನಿ ವಾಪಸ್ ಬರುತ್ತಾ ಡಾಕ್ಟ್ರೇ?"

"ಅತ್ತೆ!" ಎಂದಳು ಸೊಸೆ.

"ಬರುತ್ತೆ," ಎಂದು ಡಾಕ್ಟರು ನಕ್ಕರು. "ಬರೀ ಹೊಟ್ಟೆಗೆ, ಬರೀ ನೀರಲ್ಲಿ ತಗೊಳ್ಳಿ. ಆಮೇಲೆ ಒಂದು ಗಂಟೆ ಹಾಲು, ಚಹಾ ಏನೂ ಬೇಡ. ಎದೆ ಹೊಡ್ಕೊಂಡ್ರೆ ನೀವೇ ಬಿಡಬೇಡಿ, ತಕ್ಷಣ ನನಗೆ ಫೋನ್ ಮಾಡಿ."

ಮಾರನೆಯ ಬೆಳಿಗ್ಗೆ ಸೊಸೆ ಎಲ್ಲರ ಎದುರಿಗೆ, ತನ್ನ ಕೈಯಿಂದಲೇ, ಹೊಸ ಮಾತ್ರೆ ನುಂಗಿದಳು. ನುಂಗಿ ಕುರ್ಚಿಯಲ್ಲಿ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಅತ್ತೆ ಎದುರಿಗೆ ಸ್ಟೂಲು ಹಾಕಿಕೊಂಡು ಕೂತಳು.

"ಹೊಡ್ಕೋತಿದೆಯಾ?"

"ನೀವು ಹೀಗೆ ದಿಟ್ಟಿಸಿ ನೋಡಿದ್ರೆ ಯಾರಿಗಾದ್ರೂ ಹೊಡ್ಕೊಳ್ಳುತ್ತೆ. ಆ ಕಡೆ ತಿರುಗಿ."

ಅತ್ತೆ ಗೋಡೆಯ ಕಡೆ ತಿರುಗಿ ಕೂತು ಹುರುಳಿಕಾಯಿಯ ನಾರು ತೆಗೆದಳು.

ಎರಡು ಸಲ ಸೊಸೆ ಹೆದರಿ ಡಾಕ್ಟರಿಗೆ ಫೋನ್ ಮಾಡಿದಳು. ಎರಡು ಸಲವೂ ಏನೂ ಇರಲಿಲ್ಲ. ಒಂದು ಸಲವಂತೂ ಮೆಟ್ಟಿಲು ಓಡಿ ಹತ್ತಿದ್ದಕ್ಕೆ ಏದುಸಿರು. "ಓಡಿ ಹತ್ತಿದೆಯಾ?" ಎಂದು ಮಗ ಬೆರಗಾಗಿ ಕೇಳಿದ. ಆಗ ಎಲ್ಲರಿಗೂ ಹೊಳೆಯಿತು, ಹೌದಲ್ಲ, ಓಡಿ ಹತ್ತಿದ್ದಾಳೆ. ನಿಧಾನವಾಗಿ ಸ್ವೆಟರು ಪೆಟ್ಟಿಗೆ ಸೇರಿತು. ಬಟ್ಟೆಯ ಬುಟ್ಟಿಯ ತಳ ಕಂಡಿತು. ಟೈರಿನ ಮಸಿಯ ಕೈಯನ್ನು ಬಿಳಿ ಟವೆಲಿಗೆ ಒರೆಸಿದ ಗಂಡನಿಗೆ ಒಂದು ಸಂಜೆ ಬಿದ್ದ ಬೈಗುಳ ಬೀದಿಯ ತಿರುವಿನ ತನಕ ಕೇಳಿಸಿತು. ಅವನು ಕಿವಿ ಉಜ್ಜಿಕೊಳ್ಳುತ್ತ, "ಶಾಂತಿ ಮುಗೀತು" ಎಂದ. ಆದರೆ ಆವತ್ತು ಅವನು ಎರಡು ಸಲ ಬಡಿಸಿಕೊಂಡು ಉಂಡ.

ಆರು ವಾರ ಕಳೆದು ರಕ್ತ ಕೊಟ್ಟು ಬಂದರು. ವರದಿ ತೆಗೆದುಕೊಳ್ಳಲು ಅತ್ತೆ, ಸೊಸೆ ಇಬ್ಬರೇ ಹೋದರು. ಡಾಕ್ಟರು ಕಾಗದ ನೋಡಿ, "ಸರಿಯಾಗಿದೆ. ಇದನ್ನೇ ಮುಂದುವರಿಸಿ," ಎಂದರು. ಎರಡೇ ಮಾತು. ಇಬ್ಬರೂ ಹೊರಗೆ ಬಂದರು. ಸೊಸೆ ಅತ್ತೆಯ ತೋಳು ಹಿಡಿದು ಎದುರಿನ ಚಹಾದ ಅಂಗಡಿಯ ಬೆಂಚಿನ ಮೇಲೆ ಕೂರಿಸಿದಳು.

ಅಲ್ಲಿಂದಲೇ ನಿಲ್ದಾಣದ ಅಧಿಕಾರಿಗೆ ಫೋನ್ ಮಾಡಿದಳು. "ಸೋಮವಾರದಿಂದ ಮೈಕಿಗೆ ಬನ್ನಿ. ಈಗಿರೋ ಹುಡುಗಿ ಮಾತಾಡೋದು ಇರುವೆಗೂ ಕೇಳಿಸಲ್ಲ," ಎಂದನಂತೆ. ಅದನ್ನು ಹೇಳುವಾಗ ಅವಳ ದನಿ ಗಂಟೆ ಬಡಿದಂತಿತ್ತು. ಆಚೆ ಬೆಂಚಿನವರೂ ತಿರುಗಿ ನೋಡಿದರು.

ಚಹಾ, ಬನ್ನು ಬರುವಷ್ಟರಲ್ಲಿ ಗಂಡನ ಫೋನ್ ಬಂತು. ಅವನ ಗದ್ದಲ ಅತ್ತೆಗೂ ಕೇಳಿಸುತ್ತಿತ್ತು. "ಸಿಕ್ತು ಕಣೇ! ನಿನ್ನ ಹಳೇ ಮಾತ್ರೆ ಬಂದಿದೆಯಂತೆ, ಅಂಗಡಿಯವನೇ ಕರೆದು ಹೇಳಿದ. ಎಷ್ಟು ತರಲಿ?"

ಸೊಸೆ ಬನ್ನು ಮುರಿದಳು. "ಬೇಡ ರೀ. ಇದು ಒಗ್ಗಿದೆ. ಮತ್ತೆ ಬದಲಾಯಿಸಿ ಮತ್ತೆ ಆರು ವಾರ ಅತ್ತೆ ನನ್ನ ಎದೆ ನೋಡ್ಕೊಂಡು ಕೂರೋದು ಬೇಡ. ಅದು ಬೇಕಾದವರು ಯಾರೋ ಅಲೀತಿರ್ತಾರೆ, ಅವರಿಗೆ ಸಿಗಲಿ."

ಫೋನ್ ಕೆಳಗಿಟ್ಟು ಚಹಾ ಕುಡಿದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು. "ಆವತ್ತು ನೀವು ಬಾಯಿ ಬಿಡದೆ ಇದ್ದಿದ್ರೆ ನಾನು ನುಂಗಿಬಿಡ್ತಿದ್ದೆ. ಗೊತ್ತೇ ಆಗ್ತಿರಲಿಲ್ಲ."

"ಗೊತ್ತು."

"ಮತ್ಯಾಕೆ ಹೇಳಿದ್ರಿ?"

ಅತ್ತೆ ಬನ್ನನ್ನು ಚಹಾದಲ್ಲಿ ಅದ್ದಿದಳು. "ನೀನು ಈ ಮನೆಗೆ ಬಂದಾಗಿನಿಂದ ನಿನ್ನ ಜೊತೆ ಜಗಳ ಆಡ್ತಿದ್ದೀನಿ. ಒಂದು ದಿನಾನೂ ಮೋಸ ಮಾಡಿ ಗೆದ್ದಿಲ್ಲ. ಈ ವಯಸ್ಸಲ್ಲಿ ಯಾಕೆ ಶುರು ಮಾಡಲಿ?"

ಸೊಸೆ ಲೋಟವನ್ನು ಬೆಂಚಿನ ಮೇಲಿಟ್ಟಳು. ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಇನ್ನೇನು ಅತ್ತುಬಿಡುತ್ತಾಳೆ ಎಂದುಕೊಂಡು ಚಹಾದವನೂ ಬೇರೆ ಕಡೆ ನೋಡಿದ.

"ಅದಿರಲಿ," ಎಂದಳು ಸೊಸೆ, "ಮೋಸ ಮಾಡದೆ ನೀವು ಗೆದ್ದಿದ್ದು ಯಾವತ್ತು? ಒಂದು ದಿನ ಹೇಳಿ ನೋಡೋಣ."

"ಒಂದು ದಿನನಾ?" ಅತ್ತೆ ಬೆಂಚಿನ ಮೇಲೆ ಪೂರ್ತಿ ತಿರುಗಿ ಕೂತಳು. "ಕೇಳು ಹಾಗಾದ್ರೆ."

ಚಹಾದವನು ಇನ್ನೆರಡು ಲೋಟ ತುಂಬಿಸಿ ಅವರ ಮುಂದೆ ತಂದಿಟ್ಟ. ಈ ಗಿರಾಕಿಗಳು ಈಗಲೇ ಏಳುವವರಲ್ಲ ಎಂದು ಅವನಿಗೆ ಗೊತ್ತಾಗಿತ್ತು.